ಜಗಲಿಯಿಂದ ಹಟ್ಟಿಗೆ

ಕೊಕ್ಕರಬೈಲು, ಗಂಗೊಳ್ಳಿ ಅಂಚೆ
೧೮-೧೧-೧೯೬೪

ಪ್ರಭಾ,

ದೀಪಾವಳಿಗೆ ಬರುತ್ತೇನೆಂದು ಹೇಳಿ ಬರಲಿಲ್ಲ, ಬೈಯಬೇಡ. ಬೈಯಲೇಬೇಕೆಂದಿದ್ದರೆ ನಮ್ಮ ಹೆಡ್‌ಮಾಸ್ಟರು ಚಂದಯ್ಯನವರನ್ನು ಬೈ. ರಜೆಯಲ್ಲಿ ನನ್ನನ್ನು ಶಾಲೆಗೆ ಕರೆಸಿ ಹಾಜರಿ ಪುಸ್ತಕಗಳಿಗೆ ರಟ್ಟು ಹಾಕಿಸಿದ ಪುಣ್ಯಾತ್ಮರು ಅವರು.

ಏಳನೆಯ ತರಗತಿಯ ಮಕ್ಕಳನ್ನು ಈ ವರ್ಷ ನಿಮ್ಮ ಬಾರ್ಕೂರಿಗೆ ಕರೆದುಕೊಂಡು ಹೋಗುವುದು ನಿಶ್ಚಯವಾಗಿದೆ. ನಿಶ್ಚಯ ಮಾಡಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಕಳೆದ ವರ್ಷದ ಪ್ರವಾಸ ಹೇಗಿತ್ತು ಕೇಳು. ಒಂದು ದೇವಸ್ಥಾನದ ಎದುರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ, ಆಮೇಲೆ ತಲೆಗೊಂದು ಲಾಡು. ಮರುದಿನ ಹೆಡ್‌ಮಾಸ್ಟರು ಬೋರ್ಡಿನ ಮೇಲೆ ‘ನಮ್ಮ ಪ್ರವಾಸ’ ಎಂದು ಬರೆದರು, ಮಕ್ಕಳೆಲ್ಲ ಅಕ್ಷರ ತಪ್ಪದೆ ನಕಲು ಮಾಡಿದರು. ಜ್ವರ ಬಂದು ಮನೆಯಲ್ಲೇ ಮಲಗಿದ್ದ ಹುಡುಗನೂ ನಕಲು ಮಾಡಿ ಹತ್ತಕ್ಕೆ ಎಂಟು ಅಂಕ ತೆಗೆದ! ಇದಕ್ಕೆ ವಿದ್ಯೆ ಎನ್ನುತ್ತಾರೆ.

ಅಷ್ಟು ಶತಮಾನ ರಾಜಧಾನಿಯಾಗಿದ್ದ ಊರನ್ನು ನಮ್ಮ ಪಾಠಪುಸ್ತಕ ಎರಡು ಸಾಲಿನಲ್ಲಿ ಮುಗಿಸಿದೆ. ದೋಣಿ ಹತ್ತಿ ಕುಂದಾಪುರಕ್ಕೆ, ಅಲ್ಲಿಂದ ಬಸ್ಸು. ಇಷ್ಟು ಹತ್ತಿರ ಇರುವುದನ್ನು ಮಕ್ಕಳು ತಾವೇ ನೋಡಿ, ತಾವೇ ಅಳೆದು, ತಾವೇ ಬರೆಯಬೇಕೆಂದು ನನ್ನ ಹಟ. ಅಳೆಯಲು ಶಾಲೆಯಲ್ಲಿ ಟೇಪಿಲ್ಲ, ಆದರೆ ಎಲ್ಲರಿಗೂ ಕಾಲಿದೆ. ಕೋಟೆಯ ಕಂದಕ ಎಷ್ಟು ಹೆಜ್ಜೆ ಅಗಲ, ಕತ್ತಲೆ ಬಸದಿಯ ಕಂಬದಿಂದ ಕಂಬಕ್ಕೆ ಎಷ್ಟು ಹೆಜ್ಜೆ, ಅವರೇ ಎಣಿಸಲಿ. ಶಾಸನದ ಕಲ್ಲಿನಲ್ಲಿ ಗುರುತು ಸಿಕ್ಕಿದ ಅಕ್ಷರಗಳನ್ನು ಬರೆದುಕೊಳ್ಳಲಿ. ಯಾರಾದರೂ ಅಜ್ಜಿಯನ್ನು ಹಿಡಿದು, ಈ ಕೇರಿಗೆ ಈ ಹೆಸರು ಯಾಕೆ ಬಂತೆಂದು ಕೇಳಲಿ. ಕೊನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟದ್ದು: ‘ಯಾರೂ ತೋರಿಸದೆ ನೀನೇ ಕಂಡದ್ದು ಏನು?’

“ಪ್ರವಾಸ ಅಂದ್ರೆ ಪ್ರವಾಸ, ಟೀಚರೇ. ಅಲ್ಲಿಯೂ ಪಾಠ ಎಂತಕೆ?” ಎಂದರು ಹೆಡ್‌ಮಾಸ್ಟರು. ನಾನು ಜಗ್ಗಲಿಲ್ಲ.

ಕೋಟೆಯ ದಿಬ್ಬದ ಮೇಲೆ ಒಂದು ಪುಟ್ಟ ನಾಟಕವನ್ನೂ ಆಡಿಸುತ್ತೇನೆ. ಭೂತ ರಾಜನಲ್ಲಿ ಬಲಿ ಕೇಳಿದಾಗ ರಾಣಿ ತನ್ನ ಮಕ್ಕಳನ್ನು ಕೊಡಲೊಪ್ಪದಿರಲು, ರಾಜನ ತಂಗಿ ಸತ್ಯವತಿ ತನ್ನ ಮಗನನ್ನು ಮುಂದೆ ನಿಲ್ಲಿಸಿದಳಲ್ಲ, ಅಂದಿನಿಂದಲೇ ನಮ್ಮಲ್ಲಿ ಮನೆಮಾರು ಹೆಣ್ಣಿನ ಕಡೆಯಿಂದ ಇಳಿದು ಬರುವುದು ಎನ್ನುತ್ತಾರಲ್ಲ, ಆ ಕಥೆ. ಸತ್ಯವತಿ ನಮ್ಮ ತುಂಗಾ. ಹಿಂದೆ ಬರೆದಿದ್ದೆ, ಹೊಳೆಬದಿಯ ಗುರುವನ ಮಗಳು. ಹರಿಜನ ಕೇರಿಯಿಂದ ಏಳನೆಯವರೆಗೆ ಬಂದ ಮೊದಲ ಹುಡುಗಿ. ಅವಳಷ್ಟು ಗಟ್ಟಿ ಸ್ವರ ತರಗತಿಯಲ್ಲಿ ಇನ್ನೊಬ್ಬರದಿಲ್ಲ.

ಈಗ ನಿನ್ನಲ್ಲೊಂದು ಕೇಳಿಕೆ. ಮೂವತ್ತೊಂದು ಮಕ್ಕಳು, ನಾನೊಬ್ಬಳು. ಮಧ್ಯಾಹ್ನದ ಊಟ ನಿಮ್ಮ ಮನೆಯಲ್ಲಿ ಆದೀತೇ? ಅಕ್ಕಿ, ತರಕಾರಿ ನಾವೇ ತರುತ್ತೇವೆ. ನಿನ್ನ ಅಮ್ಮನ ಕೈಯ ಸೌತೆಕಾಯಿ ಹುಳಿಯ ರುಚಿ ಟ್ರೈನಿಂಗಿನ ದಿನಗಳಿಂದ ನಾಲಿಗೆಯಲ್ಲಿದೆ.

ನಿನ್ನ
ಕುಸುಮ

*

ಕೆಳಮನೆ, ಬಾರ್ಕೂರು
೨೭-೧೧-೧೯೬೪

ಕುಸುಮಾ,

ಅಕ್ಕಿ ತರುತ್ತೇನೆಂದು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿ ತಪ್ಪು ಮಾಡಿದೆ. “ಕೆಳಮನಿಗೆ ಬಪ್ಪ ಮಕ್ಳ್ ಅಕ್ಕಿ ಕಟ್ಟಿಕಂಡ್ ಬಪ್ಪುದಾ? ಅವ್ಳಿಗೆ ಮರ್ಯಾದಿ ಇಲ್ಯಾ?” ಎಂದು ನನ್ನ ಮೇಲೆಯೇ ಹಾರಿದಳು. ಪಾಯಸಕ್ಕೆ ಹೆಸರುಬೇಳೆಯನ್ನು ಈಗಲೇ ಬಿಸಿಲಿಗೆ ಹಾಕಿದ್ದಾಳೆ.

ನಿನ್ನ ಪ್ರಶ್ನೆಗಳನ್ನು ಓದಿ ನನಗೆ ನಾಚಿಕೆಯಾಯಿತು. ನಾನು ಈ ಊರಿನಲ್ಲೇ ಹುಟ್ಟಿದವಳು. ಬ್ರಹ್ಮಾವರದ ಆಚೆಯ ಶಾಲೆಗೆ ದಿನಾ ಇಲ್ಲಿಂದಲೇ ಹೋಗಿ ಬರುತ್ತೇನೆ. ಕಂದಕ ಎಷ್ಟು ಅಗಲವೆಂದು ಒಮ್ಮೆಯೂ ಕೇಳಿಕೊಂಡವಳಲ್ಲ. ದಿನಕ್ಕೊಂದರಂತೆ ಮುನ್ನೂರ ಅರವತ್ತೈದು ದೇವಸ್ಥಾನಗಳಿದ್ದುವಂತೆ ಎಂದು ಎಲ್ಲರೂ ಹೇಳುವುದನ್ನೇ ನಾನೂ ಮಕ್ಕಳಿಗೆ ಹೇಳುತ್ತೇನೆ. ಮೊನ್ನೆ ಭಾನುವಾರ ನಾನೇ ನಡೆದು ನೋಡಿ, ಕೋಟೆಯ ಬದಿಯಲ್ಲಿ ಪೊದೆಯೊಳಗೆ ಬಿದ್ದಿರುವ ಒಂದು ಬರಹದ ಕಲ್ಲನ್ನು ನಿನ್ನ ಮಕ್ಕಳಿಗೆಂದು ಹುಡುಕಿಟ್ಟಿದ್ದೇನೆ. ಆಳು ಕಳಿಸಿ ಮುಳ್ಳು ಸವರಿಸುತ್ತೇನೆ.

ಬರುವ ತಿಂಗಳ ಹನ್ನೆರಡನೆಯ ತಾರೀಕು ಶನಿವಾರ ಬನ್ನಿ, ನಾನೂ ಆ ದಿನ ರಜೆ ಹಾಕುತ್ತೇನೆ. ಮಕ್ಕಳು ಯಾರ ಯಾರ ಮನೆಯವರೆಂದು ಅಮ್ಮ ಕೇಳುತ್ತಿದ್ದಳು. ಹೇಳಿದ್ದೇನೆ.

ಬೇಗ ಬಾ.

ಪ್ರಭಾ

*

ಕೊಕ್ಕರಬೈಲು
೧೪-೧೨-೧೯೬೪

ಪ್ರಭಾವತಿಗೆ,

ಮೊನ್ನೆ ಶನಿವಾರ ನಾನು ಹೇಳದೆ ಕೇಳದೆ ನಿಮ್ಮ ಅಂಗಳ ದಾಟಿ ಹೋದದ್ದಕ್ಕೆ ಸಮಜಾಯಿಷಿ ಕೊಡಲು ಇದನ್ನು ಬರೆಯುತ್ತಿಲ್ಲ. ನೀನು ಒಳಗೆ ಅಡುಗೆಕೋಣೆಯಲ್ಲಿದ್ದೆ. ಹೊರಗೆ ಆದದ್ದು ನಿನಗೆ ಕಾಣಲಿಲ್ಲವೆಂದೇ ನಂಬುತ್ತೇನೆ. ಅದನ್ನು ನಿನಗೆ ಹೇಳಬೇಕಾದವಳು ನಾನು.

ಬೆಳಿಗ್ಗೆ ಎಲ್ಲ ಎಷ್ಟು ಚಂದ ನಡೆಯಿತೆಂದು ನೀನೇ ಕಂಡಿದ್ದೀ. ಕಂದಕದ ಅಗಲಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ ಬಂದು ಜಗಳವಾಡಿ, ಕೊನೆಗೆ ಉದ್ದ ಕಾಲಿನವರು ಗಿಡ್ಡ ಕಾಲಿನವರು ಎಂದು ತಾವೇ ಕಾರಣ ಹುಡುಕಿದರು. ತುಂಗಾ ದಿಬ್ಬದ ಮೇಲೆ ನಿಂತು “ಅಣ್ಣಾ, ನನ್ನ ಮಗನನ್ನು ಕರೆದುಕೊಂಡು ಹೋಗು” ಎಂದಾಗ ಗದ್ದೆಯಲ್ಲಿದ್ದ ಹೆಂಗಸರು ಕತ್ತಿ ಕೆಳಗಿಟ್ಟು ನೋಡಿದರು.

ಆಮೇಲೆ ನಿಮ್ಮ ಮನೆ. ನಾನು ಬಾವಿಕಟ್ಟೆಯಲ್ಲಿ ಮಕ್ಕಳ ಕಾಲಿಗೆ ನೀರು ಹೊಯ್ಯುತ್ತಿದ್ದೆ. ನಿನ್ನ ಅಮ್ಮ ಜಗಲಿಯ ಮೇಲೆ ನಿಂತು ಕಾಲು ತೊಳೆದು ಬಂದ ಒಬ್ಬೊಬ್ಬರನ್ನೂ “ನೀನ್ ಯಾರ್ ಮಗ? ನೀನ್ ಯಾರ್ ಮಗ್ಳ್?” ಎಂದು ಕೇಳಿ ಒಳಗೆ ಬಿಡುತ್ತಿದ್ದರು. ಪ್ರೀತಿಯಿಂದ ವಿಚಾರಿಸುತ್ತಿದ್ದಾರೆ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು. ಎಲೆ ಹಾಕಿದ್ದ ಚಾವಡಿಗೆ ಬಂದು ಪಂಕ್ತಿ ಎಣಿಸಿದರೆ ಮೂವತ್ತು. “ತುಂಗಾ ಎಲ್ಲಿ?” ಎಂದೆ. ವನಜ ಎಂಬ ಹುಡುಗಿ ಎಲೆಯಿಂದ ತಲೆಯೆತ್ತದೆ ಕೈ ಮಾತ್ರ ಹೊರಗೆ ತೋರಿಸಿದಳು.

ದನ ಕಟ್ಟುವ ಹಟ್ಟಿಯಲ್ಲಿ, ಎಮ್ಮೆ ನೀರು ಕುಡಿಯುವ ಬಾನಿಯ ಪಕ್ಕ, ಹರಿದ ಬಾಳೆಎಲೆಯ ತುಂಡು ಎದುರಿಟ್ಟುಕೊಂಡು ಅವಳು ಕುಕ್ಕರುಗಾಲಿನಲ್ಲಿ ಕೂತಿದ್ದಳು. ನಿಮ್ಮ ಕೆಲಸದ ಹೆಂಗಸು ಸೊಂಟದೆತ್ತರದಿಂದ ಅನ್ನ ಬೀಳಿಸುತ್ತಿದ್ದಳು. ಪಾಯಸವನ್ನೂ ಹಾಗೆಯೇ ಹೊಯ್ದಳು, ಅರ್ಧ ಸಗಣಿಯ ನೆಲಕ್ಕೆ ಹೋಯಿತು. ಬೆಳಿಗ್ಗೆ ರಾಜನ ತಂಗಿಯಾಗಿದ್ದವಳು, ಪ್ರಭಾ! ನನ್ನ ಮೈಯೆಲ್ಲ ಉರಿದುಹೋಯಿತು. ಚಾವಡಿಗೆ ಬಂದು “ಏಳಿ ಎಲ್ಲರೂ” ಎಂದೆ. ಬಾಯಲ್ಲಿ ತುತ್ತಿದ್ದವರೂ ಎದ್ದರು.

“ಎಂತ ಟೀಚರೇ, ಉಂಬ ಮಕ್ಳನ್ನ್ ಎಬ್ಸೂದಾ? ಅನ್ನದ ಶಾಪ ತಾಗತ್ತ್” ಎಂದರು ನಿನ್ನ ಅಮ್ಮ. ಅನ್ನವನ್ನು ಸಗಣಿಗೆ ಹೊಯ್ದವರಿಗೆ ತಾಗದ ಶಾಪ ನನಗೆ ತಾಗುವುದಿದ್ದರೆ ತಾಗಲಿ ಎಂದೆ. ಹಿರಿಯರಿಗೆ ಹಾಗೆ ಹೇಳಬಾರದಿತ್ತೇ? ಹೇಳಿದ್ದೇನೆ. ಅಸ್ಪೃಶ್ಯತೆ ಅಪರಾಧವೆಂದು ಕಾನೂನು ಬಂದು ಒಂಬತ್ತು ವರ್ಷವಾಯಿತು. ಹೆಬ್ಬಾಗಿಲು ದಾಟಿ ಒಳಗೆ ಬರಲು ಅದಕ್ಕೂ ನಿಮ್ಮಲ್ಲಿ ಅಪ್ಪಣೆಯಿಲ್ಲವೋ ಏನೋ.

ಬಸ್ಸು ನಿಲ್ಲುವಲ್ಲಿಯ ಅಂಗಡಿಯಲ್ಲಿ ಅವಲಕ್ಕಿ, ಬಾಳೆಹಣ್ಣು ತೆಗೆದುಕೊಟ್ಟು ಮಕ್ಕಳನ್ನು ಊರು ಮುಟ್ಟಿಸಿದೆ.

ಕುಸುಮಾವತಿ

*

ಬಾರ್ಕೂರು
೨೨-೧೨-೧೯೬೪

ಕುಸುಮಾವತಿಗೆ,

ನಿನ್ನ ಕಾಗದ ಬಂತು. ಸುಂದರವಾಗಿ ಬರೆದಿದ್ದೀ. ಟ್ರೈನಿಂಗಿನಲ್ಲಿಯೂ ಪ್ರಬಂಧದಲ್ಲಿ ನೀನೇ ಮೊದಲು.

ಅಮ್ಮ ಎರಡು ದಿನ ಊಟ ಮಾಡಲಿಲ್ಲ. ಮೂವತ್ತು ಎಲೆಯ ಅನ್ನವನ್ನು ಹೊಂಡ ತೋಡಿ ಹಾಕಿಸಿದೆವು. ಊರಿನಲ್ಲಿ ನಾವೀಗ, ಮಕ್ಕಳನ್ನು ಊಟಕ್ಕೆ ಕರೆದು ಹಸಿದ ಹೊಟ್ಟೆಯಲ್ಲಿ ಕಳಿಸಿದ ಮನೆಯವರು. ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು ಕಾಯಿ ತುರಿದ ಹೆಂಗಸಿಗೆ ಮೂವತ್ತು ಮಕ್ಕಳ ಎದುರು ನೀನು ಆ ಮಾತು ಆಡಿದೆ. ಅವಳು ಆ ಹುಡುಗಿಯನ್ನು ಹೊಡೆದಳೇ, ಬೈದಳೇ, ಹಸಿದು ಹೋಗು ಎಂದಳೇ? ತಾನು ಕಂಡುಕೊಂಡು ಬಂದ ಕ್ರಮದಲ್ಲಿ ಬಡಿಸಿದಳು. ಐವತ್ತೆಂಟು ವರ್ಷದ ಜೀವವನ್ನು ಒಂದು ಮಧ್ಯಾಹ್ನದಲ್ಲಿ ತಿದ್ದುತ್ತೀಯಾ?

ಊಟದ ವಿಷಯದಲ್ಲಿ ನೀನು ಮೊದಲೇ ನನಗೆ ಒಂದು ಮಾತು ಬರೆಯಬಹುದಿತ್ತು. ಬೇರೇನಾದರೂ ಏರ್ಪಾಡು ಮಾಡುತ್ತಿದ್ದೆ. ನಾನು ಒಳಗಿದ್ದೆ, ನನಗೆ ಏನೂ ಕಾಣಲಿಲ್ಲ. ಮನೆ ಅಮ್ಮನದು, ನನ್ನದಲ್ಲ.

ಪ್ರಭಾವತಿ

*

ಕೊಕ್ಕರಬೈಲು
೯-೧-೧೯೬೫

ಪ್ರಭಾವತಿಗೆ,

ಏನು ಬರೆಯಬೇಕಿತ್ತು ನಾನು? ಮೂವತ್ತೊಂದು ಮಕ್ಕಳು ಎಂದು ಬರೆದಿದ್ದೆ. ಮೂವತ್ತು ಮಕ್ಕಳು ಮತ್ತು ತುಂಗಾ ಎಂದು ಬರೆಯಬೇಕಿತ್ತೇ?

ಮನೆ ಅಮ್ಮನದಂತೆ. ಅಮ್ಮನ ನಂತರ ಯಾರದು? ನಿನ್ನ ಅಣ್ಣನದೇ? ನಿನ್ನದು, ನಿನ್ನ ಹೊಟ್ಟೆಯಲ್ಲಿ ಹುಟ್ಟುವವರದು. ಹೆಣ್ಣಿನ ಮನೆ ಎಂದು ಊರೆಲ್ಲ ಹೇಳಿಕೊಂಡು ಹೆಮ್ಮೆಪಡುವುದು, ಒಂದು ಮಾತು ಆಡಬೇಕಾದ ಹೊತ್ತಿನಲ್ಲಿ ನನ್ನ ಮನೆಯಲ್ಲ ಎಂದು ಅಡುಗೆಕೋಣೆಗೆ ಸರಿಯುವುದು. ಚಂದ ಉಂಟು.

ಇರಲಿ, ಬೇರೆ ವಿಷಯಕ್ಕೆ ಬರೆಯುತ್ತಿದ್ದೇನೆ. ಮಕ್ಕಳ ಪ್ರವಾಸದ ಪುಸ್ತಕಗಳು ಬಂದವು. ‘ಯಾರೂ ತೋರಿಸದೆ ನೀನೇ ಕಂಡದ್ದು ಏನು?’ ಎಂಬ ಪ್ರಶ್ನೆಗೆ ಒಬ್ಬ ಬಸದಿಯ ಗೋಡೆಯಲ್ಲಿ ಜೇನು ಕಂಡನಂತೆ, ಒಬ್ಬಳು ಕಂದಕದಲ್ಲಿ ಭತ್ತ ಬೆಳೆದದ್ದು ಕಂಡಳಂತೆ. ತುಂಗಾಳ ಉತ್ತರವನ್ನು ಇದ್ದ ಹಾಗೆ ಇಳಿಸುತ್ತೇನೆ:

“ಊಟಕ್ಕೆ ಹೋದ ಮನೆಯ ಜಗಲಿಯಿಂದ ನಾನು ಉಣ್ಣಲು ಕೂತ ಹಟ್ಟಿಗೆ ಇಪ್ಪತ್ತಾರು ಹೆಜ್ಜೆ. ನನ್ನ ಕಾಲು ಗಿಡ್ಡ, ಟೀಚರಿಗೆ ಇಪ್ಪತ್ತು ಆಗಬಹುದು. ಹಟ್ಟಿಯಲ್ಲಿ ಎರಡು ಎಮ್ಮೆ, ಒಂದು ಕರು ಇದ್ದವು. ಹಟ್ಟಿಯ ಕಂಬ ಕಲ್ಲಿನದು, ಕೋಟೆಯಲ್ಲಿ ಬಿದ್ದ ಕಂಬದ ಹಾಗೆ ಹೂವಿನ ಕೆತ್ತನೆ ಉಂಟು. ಅನ್ನವನ್ನು ಮೇಲಿನಿಂದ ಹಾಕಿದರು. ಪಾಯಸ ಚೆಲ್ಲಿತು. ಇದನ್ನು ಯಾರೂ ತೋರಿಸಲಿಲ್ಲ, ನಾನೇ ಕಂಡೆ.”

ನಾನು ಹತ್ತಕ್ಕೆ ಹತ್ತು ಕೊಟ್ಟೆ. ಅಳೆಯಲು ಹೇಳಿದ್ದೆ, ಅಳೆದಿದ್ದಾಳೆ. ನೋಡಲು ಹೇಳಿದ್ದೆ, ನೋಡಿದ್ದಾಳೆ. ಕೆತ್ತನೆಯ ಕಂಬವನ್ನು ಬೇರೆ ಯಾರೂ ಕಂಡಿಲ್ಲ. ಕಾಣಲು ಅಲ್ಲಿ ಕೂತವರು ಬೇರೆ ಯಾರಿದ್ದರು?

ಹೆಡ್‌ಮಾಸ್ಟರು ಓದಿ ಕಣ್ಣು ಕೆಂಪು ಮಾಡಿದರು. “ಎಂತ ಟೀಚರೇ ಇದ್? ಬಪ್ಪ ತಿಂಗ್ಳ್ ಇನ್‌ಸ್ಪೆಕ್ಟ್ರು ಬತ್ರ್. ಅವ್ರ್ ಮುಂದೆ ಇದನ್ನ್ ಇಡೂದಾ? ದೊಡ್ಡ ಮನಿಯವ್ರ್ ಹೆಸ್ರ್ ಹಾಳ್ ಮಾಡೂಕೆ ಮಕ್ಳನ್ನ್ ಕರ್ಕಂಡ್ ಹೋದ್ದಾ?”

“ಮನೆಯ ಹೆಸರನ್ನು ಅವಳು ಬರೆಯಲೇ ಇಲ್ಲವಲ್ಲ ಸಾರ್” ಎಂದೆ.

“ಆ ಹಾಳಿ ಹರಿಲಿ. ಬೇರೆ ಬರಿಯೂಕೆ ಹೇಳಿ.”

ನಾನು ಹೇಳುವುದಿಲ್ಲ.

ಕುಸುಮಾವತಿ

*

ಕೊಕ್ಕರಬೈಲು
೨೦-೨-೧೯೬೫

ಪ್ರಭಾವತಿಗೆ,

ನನ್ನ ಕಳೆದ ಕಾಗದಕ್ಕೆ ಉತ್ತರವಿಲ್ಲ. ಇದಕ್ಕೂ ಬರೆಯದಿದ್ದರೆ ನಡೆಯುತ್ತದೆ. ಆದರೆ ನೀನು ತಿಳಿಯದೆ ಇರಬಾರದು.

ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ನಾನು ಕುಂದಾಪುರಕ್ಕೆ ಕಚೇರಿ ಕೆಲಸಕ್ಕೆ ಹೋಗಿದ್ದೆ. ಕಳಿಸಿದವರು ಹೆಡ್‌ಮಾಸ್ಟರೇ. ತಿರುಗಿ ಬರುವಾಗ ತುಂಗಾಳ ಪುಸ್ತಕದಲ್ಲಿ ಆ ಹಾಳೆ ಇರಲಿಲ್ಲ. ತರಗತಿಯ ಮುಂದೆ ಅವಳನ್ನು ನಿಲ್ಲಿಸಿ ಹರಿದರಂತೆ. ಅಷ್ಟಕ್ಕೇ ಮುಗಿಯಲಿಲ್ಲ. ‘ನಾನು ಬರೆದದ್ದು ಸುಳ್ಳು, ತಪ್ಪಾಯಿತು’ ಎಂದು ಬರೆದುಕೊಟ್ಟರೆ ಮಾತ್ರ ಪರೀಕ್ಷೆಗೆ ಹೆಸರು ಕಳಿಸುವುದಂತೆ. ಅವಳು ಚೀಲ ತೆಗೆದುಕೊಂಡು ಮನೆಗೆ ಹೋದಳು. ಹತ್ತು ದಿನವಾಯಿತು, ಶಾಲೆಗೆ ಬಂದಿಲ್ಲ.

ನಾನು ಮೇಲಿನ ಕಚೇರಿಗೆ ದೂರು ಬರೆದೆ. ಅದಕ್ಕೆ ಹೆಡ್‌ಮಾಸ್ಟರು ಕೊಟ್ಟ ಉತ್ತರ ಓದಬೇಕು ನೀನು! ಅಂಥದ್ದು ಏನೂ ನಡೆದಿಲ್ಲ, ಗೌರವಸ್ಥ ಮನೆಯವರು ಎಲ್ಲ ಮಕ್ಕಳಿಗೂ ಸಮನಾಗಿ ಬಡಿಸಿದ್ದಾರೆ, ಸಹಾಯಕ ಶಿಕ್ಷಕಿಯು ಬಾಲಕಿಯ ಕೈಯಲ್ಲಿ ಸುಳ್ಳು ಬರೆಸಿದ್ದಾರೆ. ಉಳಿದ ಮಕ್ಕಳನ್ನು ಕೇಳಿದರೆ ಬಾಯಿ ಬಿಡುವುದಿಲ್ಲ, ಅವರವರ ಮನೆಯಲ್ಲಿ ಕಟ್ಟಪ್ಪಣೆಯಾಗಿದೆ. ಕಣ್ಣಾರೆ ಕಂಡೆನೆಂದು ಹೇಳುವವಳು ನಾನೊಬ್ಬಳೇ. ನನ್ನ ಮಾತಿಗೆ ಬೆಲೆಯಿಲ್ಲ.

ಮೊನ್ನೆ ಸಂಜೆ ತುಂಗಾಳ ಮನೆಗೆ ಹೋಗಿದ್ದೆ. ಅವಳ ಅಪ್ಪ ಗುರುವ ಮೀನುಬುಟ್ಟಿ ಹೆಣೆಯುತ್ತಿದ್ದವನು ಎದ್ದು ನಿಂತ. “ತಪ್ಪಾಯ್ತ್ ಅಂತ ಬರ್ದ್ ಕೊಡ್ ಅಂದೆ ಟೀಚರೇ. ಒಪ್ಪೂದಿಲ್ಲೆ. ನೀವಾರೂ ಹೇಳಿ” ಎಂದ. ನಾನು ಅದಕ್ಕೆ ಬಂದದ್ದಲ್ಲ, ನೀನು ಹೆದರಬೇಡ, ನಾನು ಬಿಡುವುದಿಲ್ಲ ಎಂದು ತುಂಗಾಳಿಗೆ ಧೈರ್ಯ ಹೇಳಲು ಹೊರಟೆ. ಅವಳು ನನ್ನನ್ನೇ ನೋಡಿ ಕೇಳಿದಳು:

“ನೀವ್ ಎಂತಕೆ ಎಲ್ಲರನ್ನೂ ಎಬ್ಸಿದ್ರಿ, ಟೀಚರೇ?”

ನನಗೆ ಅರ್ಥವಾಗಲಿಲ್ಲ.

“ನಂಗೆ ಹಸಿವಾಯ್ತಿತ್ತ್. ಉಂಡ್ಕಂಡ್, ಮತ್ತೆ ಪುಸ್ತಕದೊಳ್ಗೆ ಬರೀತಿದ್ದೆ. ನೀವ್ ಎಬ್ಸಿದ್ರಿ. ನನ್ನಿಂದ ಪಾಯಸ ಹೋಯ್ತ್ ಅಂತ ಎಲ್ಲರೂ ಬೈತ್ರ್. ವನಜ ನನ್ನ ಹತ್ರ ಕೂಕಂಬುದ್ ಬಿಟ್ಟಿತ್ತ್.”

ಬಸ್ಸಿನಲ್ಲಿ ಅವಳು ಒಬ್ಬಳೇ ಮೂಲೆಯಲ್ಲಿ ಕೂತಿದ್ದಳು, ಈಗ ನೆನಪಾಗುತ್ತದೆ. ನಾನು ಆ ಹೊತ್ತು ನಿನ್ನ ಅಮ್ಮನಿಗೆ ಇನ್ನೂ ಏನೇನು ಹೇಳಬಹುದಿತ್ತೆಂದು ಯೋಚಿಸುತ್ತಿದ್ದೆ. ಅವಳ ಪಕ್ಕ ಹೋಗಿ ಕೂರಲಿಲ್ಲ. ಹಟ್ಟಿಯಲ್ಲಿ ನಾನೂ ಒಂದು ಎಲೆ ಹಾಕಿಕೊಂಡು ಅವಳ ಹತ್ತಿರ ಕೂರಬಹುದಿತ್ತು. ಅದು ಹೊಳೆಯಲೇ ಇಲ್ಲ. ನನ್ನ ಸಿಟ್ಟು ನನಗೆ ದೊಡ್ಡದಾಗಿತ್ತು.

ಹೆಸರು ಕಳಿಸಲು ಮಾರ್ಚಿ ಇಪ್ಪತ್ತು ಕೊನೆಯ ದಿನ. ನಿನ್ನಲ್ಲಿ ಏನನ್ನೂ ಬೇಡಲು ಇದನ್ನು ಬರೆದದ್ದಲ್ಲ.

ಕುಸುಮಾವತಿ

*

ಬ್ರಹ್ಮಾವರ
೧೩-೩-೧೯೬೫

ಕುಸುಮಾ,

ಊರಿನ ಹೆಸರು ಬೇರೆಯಾದದ್ದು ನೋಡಿ ಆಶ್ಚರ್ಯಪಡಬೇಡ. ಶಾಲೆಯ ಹತ್ತಿರ ಒಂದು ಕೋಣೆ ಹಿಡಿದಿದ್ದೇನೆ.

ಮೊದಲು ಸುಳ್ಳುಗಳು. ಅಡುಗೆಕೋಣೆಯ ಕಿಟಕಿಯಿಂದ ಹಟ್ಟಿ ನೇರ ಕಾಣುತ್ತದೆ. ಅವಳು ಅಂಗಳ ದಾಟಿ ಹೋಗುವುದನ್ನು ನಾನು ಕಂಡೆ. ಅವಳು ಒಂದೇ ಸಮ ಹೆಜ್ಜೆ ಇಡುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ನಾನು ಮುಖ ತಿರುಗಿಸಿ ಹುಳಿಯ ಪಾತ್ರೆ ಎತ್ತಿಕೊಂಡೆ. ಎಣಿಸುತ್ತಿದ್ದಳೆಂದು ನಿನ್ನ ಕಾಗದ ಓದಿದ ಮೇಲೆ ತಿಳಿಯಿತು.

ಎರಡನೆಯದು, ಮಕ್ಕಳು ಯಾರ ಮನೆಯವರೆಂದು ಅಮ್ಮ ಕೇಳಿದಾಗ ‘ಎಲ್ಲ ನಮ್ಮ ಬದಿಯವರೇ’ ಎಂದಿದ್ದೆ. ತುಂಗಾ ಬರುತ್ತಾಳೆಂದು ನನಗೆ ಗೊತ್ತಿತ್ತು. ಹೇಗಾದರೂ ದಾಟಿಹೋಗುತ್ತದೆ, ಯಾರೂ ಕೇಳುವುದಿಲ್ಲ ಎಂದುಕೊಂಡೆ. ಅಮ್ಮ ತಾನೇ ಜಗಲಿಯಲ್ಲಿ ನಿಂತು ಕೇಳುತ್ತಾಳೆಂದು ಎಣಿಸಿರಲಿಲ್ಲ. ಅಮ್ಮ ಮಾಡಿದ್ದು ಅವಳು ನಂಬಿದ್ದನ್ನು. ನಾನು ನಂಬದೆಯೇ ಸುಮ್ಮನಿದ್ದೆ. ಎರಡರಲ್ಲಿ ಯಾವುದು ಹೆಚ್ಚು ಹೇಸಿಗೆಯೆಂದು ನೀನೇ ಹೇಳು.

ನಿನ್ನ ಜನವರಿಯ ಕಾಗದಕ್ಕೆ ನಾಲ್ಕು ಸಲ ಉತ್ತರ ಬರೆದು ಒಲೆಗೆ ಹಾಕಿದೆ. ಫೆಬ್ರವರಿಯದು ಬಂದ ದಿನ ತುಂಗಾ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

“ಆ ಹೆಣ್ಣ್ ಹೆಜ್ಜಿ ಲೆಕ್ಕ ಮಾಡಿತ್ತಾ?”

“ಹೌದು.”

“ಮುಂಚೆ ಅವ್ರೆಲ್ಲ ಗದ್ದಿ ಬದಿ ಬೇಲಿ ದಣಪೆ ಹೊರ್ಗೆ ಕೂಕಂತಿದ್ರ್. ಮಳಿ ಬಂದ್ರೂ ಅಲ್ಲೇ. ಹಟ್ಟಿವರಿಗೆ ಬಪ್ಪುಕೆ ಬಿಟ್ಟದ್ದೇ ನಾನ್. ಅದನ್ನ್ ಯಾರೂ ಬರ್ದ್ ಇಡೂದಿಲ್ಲೆ.”

ಅವಳು ಅದನ್ನು ನೊಂದು ಹೇಳಿದಳು ಕುಸುಮಾ. ನಿಜವಾಗಿ ನೊಂದು. ಇಂಥ ಒಳ್ಳೆಯತನದ ಎದುರು ಎಲ್ಲಿಂದ ಜಗಳ ಶುರು ಮಾಡುವುದು?

ಮರುದಿನ ನಾನು ಮೇಲಿನ ಕಚೇರಿಗೆ ಒಂದು ಹೇಳಿಕೆ ಬರೆದೆ. ೧೯೬೪ನೇ ಡಿಸೆಂಬರ್ ಹನ್ನೆರಡರಂದು ನಮ್ಮ ಮನೆಯಲ್ಲಿ ತುಂಗಾ ಎಂಬ ವಿದ್ಯಾರ್ಥಿನಿಯನ್ನು ಉಳಿದವರಿಂದ ಬೇರೆಯಾಗಿ ಹಟ್ಟಿಯಲ್ಲಿ ಕೂರಿಸಿ ಬಡಿಸಿದ್ದು ನಿಜ, ನಾನು ಕಂಡಿದ್ದೇನೆ, ಅವಳು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ನಾನು ಆ ಮನೆಯ ಮಗಳು. ರಿಜಿಸ್ಟರ್ ಮಾಡಿ ಕಳಿಸಿದ್ದೇನೆ. ನಿಮ್ಮ ಹೆಡ್‌ಮಾಸ್ಟರಿಗೂ ಒಂದು ಪ್ರತಿ ಹೋಗಿದೆ.

ಕಳಿಸುವ ಮೊದಲು ಅಮ್ಮನಿಗೆ ಹೇಳಿದೆ. ಅವಳು ಕೂಗಾಡಲಿಲ್ಲ. ನನ್ನ ಟ್ರಂಕನ್ನು ತಾನೇ ತಂದು ಜಗಲಿಯ ಮೇಲೆ ಇಟ್ಟಳು.

ಪ್ರಭಾ

*

ಕೊಕ್ಕರಬೈಲು
೨-೫-೧೯೬೫

ಪ್ರಭಾ,

ನಿನ್ನ ಹೇಳಿಕೆ ಮುಟ್ಟಿದ ನಾಲ್ಕನೆಯ ದಿನ ಕಚೇರಿಯಿಂದ ಗುಮಾಸ್ತರೊಬ್ಬರು ಬಂದರು. ಹೆಡ್‌ಮಾಸ್ಟರು ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾತಾಡಿದರು. ಮಾರ್ಚಿ ಹತ್ತೊಂಬತ್ತಕ್ಕೆ ತುಂಗಾಳ ಹೆಸರು ಹೋಯಿತು. ಅವಳು ಪರೀಕ್ಷೆಗೆ ಕೂತಳು, ಏನನ್ನೂ ಬರೆದುಕೊಡದೆ.

ಗೆದ್ದೆವು ಎಂದುಕೊಳ್ಳಬೇಡ. ಹೆಡ್‌ಮಾಸ್ಟರಿಗೆ ಒಂದು ಮಾತಿನ ಎಚ್ಚರಿಕೆಯೂ ಇಲ್ಲ. ನನಗೆ ವರ್ಗ. ಬೈಂದೂರಿನಿಂದ ಒಳಗೆ, ಬಸ್ಸಿಳಿದು ಎರಡು ಗಂಟೆ ನಡೆಯುವ ಊರು, ನಾನೊಬ್ಬಳೇ ಟೀಚರು. ‘ಆಡಳಿತದ ಹಿತದೃಷ್ಟಿಯಿಂದ’ ಎಂದು ಕಾರಣ ಬರೆದಿದ್ದಾರೆ. ಇನ್ನು ಮುಂದೆ ಪ್ರವಾಸದ ಪುಸ್ತಕಗಳನ್ನು ಹೆಡ್‌ಮಾಸ್ಟರು ಮೊದಲು ನೋಡಿ ಸಹಿ ಹಾಕಿದ ಮೇಲೆಯೇ ಅಂಕ ಕೊಡಬೇಕೆಂದು ಸುತ್ತೋಲೆಯೂ ಬಂದಿದೆ. ಹಟ್ಟಿಯಲ್ಲಿ ಬಡಿಸಬಾರದೆಂದು ಯಾರೂ ಸುತ್ತೋಲೆ ಕಳಿಸಲಿಲ್ಲ! ನಗು ಬಂತು.

ನೀನು ಕಾಗದದ ಕೊನೆಯಲ್ಲಿ ಕ್ಷಮಿಸು ಎಂದು ಬರೆಯದೆ ಬಿಟ್ಟದ್ದು ಒಳ್ಳೆಯದಾಯಿತು. ಕ್ಷಮಿಸಲು ನಾನು ಯಾರು? ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ನನ್ನ ಮೇಲಿನದೂ ಹೋಗಿಲ್ಲ. ಬರೆಯುವುದಿದ್ದರೆ ತುಂಗಾಳಿಗೆ ಬರೆ. ಅವಳಿಗೆ ಓದಲು ಬರುತ್ತದೆ.

ಜೂನಿಗೆ ಮೊದಲು ಹೊರಡಬೇಕು. ಹೊಸ ಊರಿನ ವಿಳಾಸ ಕಳಿಸುತ್ತೇನೆ. ಅಲ್ಲಿ ರಾತ್ರಿ ಚಳಿಯಂತೆ, ಟ್ರೈನಿಂಗಿನಲ್ಲಿ ನೀನು ನನ್ನಿಂದ ಇಸಕೊಂಡ ಕಂಬಳಿ ಇನ್ನೂ ಇದ್ದರೆ ಕಳಿಸು.

ಕುಸುಮ

*

ಹೊಳೆಬದಿ, ಕೊಕ್ಕರಬೈಲು
೨೦-೬-೧೯೬೫

ಪ್ರಭಾವತಿ ಟೀಚರಿಗೆ ತುಂಗಾ ಮಾಡುವ ನಮಸ್ಕಾರಗಳು.

ನೀವು ಬರೆದ ಕಾಗದ ಬಂತು. ನಮ್ಮ ಕೇರಿಗೆ ಅಂಚೆಯವನು ಬಂದದ್ದು ಇದೇ ಮೊದಲು. ಅಪ್ಪ ಹೆದರಿದ. ಕೋರ್ಟಿನ ಕಾಗದ ಎಂದುಕೊಂಡ. ನಾನು ಓದಿ ಹೇಳಿದೆ.

ನಾನು ಪಾಸಾದೆ. ಕುಂದಾಪುರದಲ್ಲಿ ಎಂಟನೆಯದಕ್ಕೆ ಸೇರಿದ್ದೇನೆ. ಬೆಳಿಗ್ಗೆ ಏಳಕ್ಕೆ ದೋಣಿ. ಮಳೆಗೆ ಹೊಳೆ ಕೆಂಪಾಗಿದೆ, ದೋಣಿ ಬಹಳ ಅಲ್ಲಾಡುತ್ತದೆ. ಆದರೆ ಹೋಗುತ್ತೇನೆ. ಕುಸುಮಾವತಿ ಟೀಚರು ಹೋಗುವ ದಿನ ನಾನು ಅವರ ಟ್ರಂಕು ಹೊರಲು ಹೋಗಿದ್ದೆ. ಅವರು ಹೊರಲು ಬಿಡಲಿಲ್ಲ, ಒಂದು ಬದಿ ಅವರು ಹಿಡಿದರು, ಒಂದು ಬದಿ ನಾನು.

ನೀವು ನಡೆದದ್ದನ್ನೆಲ್ಲ ಬರೆದು ತಪ್ಪಾಯಿತು ಎಂದು ಬರೆದಿದ್ದೀರಿ. ದೊಡ್ಡವರು ನನಗೆ ಹಾಗೆ ಬರೆದದ್ದು ಯಾವತ್ತೂ ಇಲ್ಲ. ಅದಕ್ಕೆ ಏನು ಉತ್ತರ ಬರೆಯುವುದೆಂದು ನನಗೆ ಗೊತ್ತಿಲ್ಲ. ಗೊತ್ತಿರುವುದನ್ನು ಬರೆಯುತ್ತೇನೆ. ಆ ದಿನ ಟೀಚರಿಗೆ ಸಿಟ್ಟು ಬಂತು. ನಿಮ್ಮ ಅಮ್ಮನಿಗೆ ಸಿಟ್ಟು ಬಂತು. ಹೆಡ್‌ಮಾಸ್ಟರಿಗೆ ಸಿಟ್ಟು ಬಂತು. ಪಾಯಸ ಹೋದದ್ದಕ್ಕೆ ವನಜಳಿಗೂ ಸಿಟ್ಟು ಬಂತು. ನನಗೂ ಬಂದಿತ್ತು. ನಿನಗೆ ಸಿಟ್ಟು ಬಂತೇ ಎಂದು ಯಾರೂ ಕೇಳಲಿಲ್ಲ. ಪಾಪ ಎಂದರು. ಹೆದರಬೇಡ ಎಂದರು. ನನಗೆ ಹೆದರಿಕೆ ಇರಲಿಲ್ಲ. ಸಿಟ್ಟು ಇತ್ತು. ಈಗಲೂ ಉಂಟು. ನೀವು ಕೇಳಲಿಲ್ಲ, ಆದರೂ ನಾನೇ ಬರೆದೆ.

ನಿಮ್ಮ ಕೋಣೆಗೆ ಊಟಕ್ಕೆ ಬಾ, ಎದುರೆದುರು ಕೂತು ಉಣ್ಣುವ ಎಂದು ಕರೆದಿದ್ದೀರಿ. ನಾನು ಬರುವುದಿಲ್ಲ. ನೀವು ಒಳ್ಳೆಯ ಮನಸ್ಸಿನಿಂದ ಕರೆದಿರಬಹುದು. ಆದರೂ ಬರುವುದಿಲ್ಲ.

ನೀವು ಬರುವುದಾದರೆ ಬನ್ನಿ. ಭಾನುವಾರ ನಾನು ಮನೆಯಲ್ಲಿ ಇರುತ್ತೇನೆ. ಕುಂದಾಪುರದ ಕಡವಿನಲ್ಲಿ ದೋಣಿ ಹತ್ತಿ, ಇಳಿದು, ಹೊಳೆಬದಿಯ ಗುರುವನ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಒಳಗೇ ಕೂರಬೇಕು. ಅಮ್ಮ ಬಂಗುಡೆ ಮೀನಿನ ಸಾರು ಮಾಡುತ್ತಾಳೆ. ಬಾಯಾರಿಕೆ ಇಲ್ಲ, ಹಸಿವಿಲ್ಲ, ಮನೆಯಲ್ಲಿ ಉಂಡು ಬಂದೆ ಎಂದು ಹೇಳಬಾರದು.

ಹೇಳುವುದಿದ್ದರೆ ಬರಬೇಡಿ.

ಇಂತು
ತುಂಗಾ
ಎಂಟನೆಯ ತರಗತಿ